ಆಣೆ ಲೆಕ್ಕವನ್ನು ಬಿಡದ ಗಣಕಯಂತ್ರ

ನಿಮ್ಮ ಮನೆಯಲ್ಲಿ ಎಂಬತ್ತರ ಆಸುಪಾಸಿನ ಹಿರಿಯರಿದ್ದರೆ ಅವರನ್ನು ಒಂದು ಮಾತು ಕೇಳಿ ನೋಡಿರಿ: ಒಂದು ರೂಪಾಯಿಯನ್ನು ಹತ್ತು ಮಂದಿಗೆ ಸಮನಾಗಿ ಹಂಚಿದರೆ ತಲೆಗೆ ಎಷ್ಟು ಆಣೆ ಬರುತ್ತದೆ? ಅವರು ಒಂದು ಗಳಿಗೆ ಸುಮ್ಮನಾಗುವರು. ಇಬ್ಬರಿಗಾದರೆ ಎಂಟಾಣೆ, ನಾಲ್ವರಿಗಾದರೆ ನಾಲ್ಕಾಣೆ, ಎಂಟು ಮಂದಿಗಾದರೆ ಎರಡಾಣೆ, ಹದಿನಾರು ಮಂದಿಗಾದರೆ ಒಂದಾಣೆ. ಇವೆಲ್ಲ ನಾಲಗೆಯ ತುದಿಯಲ್ಲಿಯೇ ಇವೆ. ಹತ್ತು ಮಂದಿಗೆಂದರೆ ಮಾತ್ರ ಒಂದಾಣೆ ಏಳು ಪೈ ಕೊಟ್ಟ ಮೇಲೂ ಒಂದು ಪೈಯ ಐದನೆಯ ಒಂದು ಪಾಲು ಉಳಿಯುತ್ತದೆ. ಅಂಥ ನಾಣ್ಯ ಯಾವ ಟಂಕಸಾಲೆಯಲ್ಲಿಯೂ ಅಚ್ಚಾಗಿರಲಿಲ್ಲ.

ನಮ್ಮ ಹಳೆಯ ಲೆಕ್ಕವೆಲ್ಲ ಅರ್ಧ ಮಾಡುತ್ತ ಹೋಗುವ ಲೆಕ್ಕವಾಗಿತ್ತು. ಅರೆ, ಕಾಲು, ಅರೆಕಾಲು, ವೀಸ, ಅರೆವೀಸ, ಕಾಣಿ: ಈ ಹೆಸರುಗಳನ್ನು ಸಾಲಾಗಿ ಹೇಳಿ ನೋಡಿರಿ. ಒಂದೊಂದೂ ಅದರ ಹಿಂದಿನದರ ಅರ್ಧ. ವೀಸವೆಂದರೆ ಹದಿನಾರನೆಯ ಪಾಲು, ಅಂದರೆ ರೂಪಾಯಿಯಲ್ಲಿ ಒಂದಾಣೆ. ಕಾಣಿಯೆಂದರೆ ಅರವತ್ತನಾಲ್ಕನೆಯ ಪಾಲು, ಅಂದರೆ ಹಳೆಯ ಒಂದು ಪೈಸೆ. ೧೯೫೭ರ ಏಪ್ರಿಲ್ ೧ರಂದು ರೂಪಾಯಿಗೆ ನೂರು ನಯಾ ಪೈಸೆಯೆಂಬ ದಶಮಾನ ನಾಣ್ಯಪದ್ಧತಿ ಜಾರಿಗೆ ಬಂದಿತು. ಆಮೇಲೆ ಈ ಲೆಕ್ಕ ಸಂತೆಯಿಂದ ಮೆಲ್ಲಗೆ ಮರೆಯಾಯಿತು. ಆದರೆ ಒಂದು ಕಡೆಯಲ್ಲಿ ಅದು ಇಂದಿಗೂ ನಡೆಯುತ್ತಿದೆ ಎಂದರೆ ನಿಮಗೆ ಸೋಜಿಗವೆನಿಸಬಹುದು. ಆ ಸ್ಥಳವೇ ಗಣಕಯಂತ್ರ; ನಿಮ್ಮ ಕಿಸೆಯಲ್ಲಿರುವ ಮೊಬೈಲೂ ಅದರಲ್ಲಿ ಸೇರಿತು.

ಗಣಕಯಂತ್ರದ ಒಳಗೆ ಇರುವುವೆಲ್ಲ ಎರಡೇ ಸ್ಥಿತಿಗಳುಳ್ಳ ಕೀಲಿಗಳು: ಹಾಕಿದ್ದು, ಇಲ್ಲವೆ ತೆಗೆದದ್ದು, ಒಂದು, ಇಲ್ಲವೆ ಸೊನ್ನೆ. ಆದುದರಿಂದ ಅದು ಅಪೂರ್ಣಾಂಕಗಳನ್ನು ಬರೆದಿಟ್ಟುಕೊಳ್ಳುವಾಗ ನಮ್ಮ ಹಿರಿಯರಂತೆಯೇ ಅರೆ, ಕಾಲು, ಅರೆಕಾಲು, ವೀಸಗಳನ್ನು ಕೂಡಿಸಿ ಬರೆಯುತ್ತದೆ. ಹತ್ತು ಪೈಸೆಯನ್ನು, ಅಂದರೆ ರೂಪಾಯಿಯ ಹತ್ತನೆಯ ಪಾಲನ್ನು, ಅದು ಹೇಗೆ ಬರೆದೀತು? ಒಂದು ವೀಸ ತೆಗೆದುಕೊಂಡರೆ ೬.೨೫ ಪೈಸೆ. ಅದಕ್ಕೆ ಒಂದು ಅರೆವೀಸ ಕೂಡಿಸಿದರೆ ೯.೩೭೫. ಕಾಣಿಯನ್ನು ಕೂಡಿಸಿದರೆ ಹತ್ತನ್ನು ಮೀರುತ್ತದೆ. ಕಾಣಿಯ ಅರ್ಧವನ್ನು ಕೂಡಿಸಿದರೂ ಮೀರುತ್ತದೆ. ಆದ್ದರಿಂದ ಅವೆರಡನ್ನೂ ಬಿಟ್ಟು ರೂಪಾಯಿಯ ೨೫೬ನೆಯ ಪಾಲನ್ನೂ ೫೧೨ನೆಯ ಪಾಲನ್ನೂ ಸೇರಿಸಿದರೆ ೯.೯೬ ಪೈಸೆಯ ಹತ್ತಿರ ಬರುತ್ತದೆ. ಹೀಗೆ ಸೇರಿಸುತ್ತ ಹೋದಷ್ಟೂ ಹತ್ತಿರವಾಗುತ್ತದೆ, ಹೊರತು ಎಂದಿಗೂ ಹತ್ತು ಆಗುವುದಿಲ್ಲ. ಒಂದನ್ನು ಮೂರರಿಂದ ಭಾಗಿಸಿದಾಗ ೦.೩೩೩ ಎಂದು ಮೂರರ ಸಾಲು ಮುಗಿಯದೆ ಹೋಗುವುದನ್ನು ನೀವು ಶಾಲೆಯಲ್ಲಿ ಕಂಡಿದ್ದೀರಿ. ಇದೂ ಅದೇ ಜಾತಿಯ ತೊಡಕು.

ಸಾಮಾನ್ಯವಾಗಿ ಯಂತ್ರವು ೫೩ ದ್ವಿಮಾನ ಸ್ಥಾನಗಳನ್ನು ಇಟ್ಟುಕೊಂಡು ಮುಂದಿನದನ್ನು ಹತ್ತಿರದ ಬೆಲೆಗೆ ಸರಿಹೊಂದಿಸಿಬಿಡುತ್ತದೆ. ೧೯೮೫ರಲ್ಲಿ ಗೊತ್ತುಮಾಡಿದ ಅಂತರರಾಷ್ಟ್ರೀಯ ಮಾನಕವೂ ಹೀಗೆಯೇ ಹೇಳುತ್ತದೆ. ಇದರಿಂದ ನಮಗೆ ದೊರೆಯುವುದು ಹದಿನೈದು-ಹದಿನಾರು ದಶಮಾನ ಅಂಕಿಗಳಷ್ಟು ನಿಖರತೆ. ಹತ್ತನೆಯ ಪಾಲನ್ನು ಬರೆಯುವಾಗ ಆಗುವ ತಪ್ಪು ದಶಮಾಂಶ ಬಿಂದುವಿನ ನಂತರ ೧೮ನೆಯ ಸ್ಥಾನದಲ್ಲಿ ಕಾಣಿಸುತ್ತದೆ. ಇಷ್ಟು ಸಣ್ಣ ತಪ್ಪು ಯಾರಿಗೇನು ಮಾಡೀತು ಎಂದು ನೀವು ಕೇಳುವುದು ಸಹಜ.

ಕೇಳಿರಿ. ಪೈಥಾನ್ ಎಂಬ ಬಹು ಬಳಕೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ೦.೧ನ್ನು ಹತ್ತು ಸಲ ಒಂದೊಂದಾಗಿ ಕೂಡಿಸಿದರೆ ಒಂದು ಬರುವುದಿಲ್ಲ, ೦.೯೯೯೯೯೯೯೯೯೯೯೯೯೯೯೯ ಬರುತ್ತದೆ. ಹತ್ತು ಪೈಸೆಯಂತೆ ಹತ್ತು ಸಲ ಕೊಟ್ಟವನನ್ನು ಕುರಿತು 'ರೂಪಾಯಿ ಸಂದಿತೇ?' ಎಂದು ಯಂತ್ರವನ್ನು ಕೇಳಿದರೆ 'ಇಲ್ಲ' ಎನ್ನುತ್ತದೆ. ಇನ್ನೊಂದು ನೋಡಿರಿ. ೨.೬೭೫ ರೂಪಾಯಿಯನ್ನು ಪೈಸೆಗೆ ಸರಿಹೊಂದಿಸು ಎಂದರೆ ನಾವು ೨.೬೮ ಎನ್ನುತ್ತೇವೆ. ಯಂತ್ರ ೨.೬೭ ಎನ್ನುತ್ತದೆ. ಏಕೆಂದರೆ ಅದರ ಹೊಟ್ಟೆಯಲ್ಲಿರುವುದು ೨.೬೭೫ ಅಲ್ಲ, ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆಯಾದ ಸಂಖ್ಯೆ. ಒಂದು ಪೈಸೆ ಹೋಯಿತು. ಲಕ್ಷ ಖಾತೆಗಳಲ್ಲಿ ಒಂದೊಂದು ಪೈಸೆ ಹೀಗೆ ಹೋದರೆ ಕಿರ್ದಿಗೂ ಖತಾವಣಿಗೂ ತಾಳೆಯಾಗುವುದಿಲ್ಲ.

ಹತ್ತನೆಯ ಪಾಲಿನ ಈ ತೊಡಕು ಪ್ರಾಣಕ್ಕೂ ಮುಳುವಾದದ್ದುಂಟು. ೧೯೯೧ರ ಫೆಬ್ರುವರಿ ೨೫ರಂದು ಸೌದಿ ಅರೇಬಿಯಾದ ಧಹರಾನಿನಲ್ಲಿ ಅಮೆರಿಕದ ಪೇಟ್ರಿಯಟ್ ರಕ್ಷಣಾ ಯಂತ್ರವು ಬರುತ್ತಿದ್ದ ಕ್ಷಿಪಣಿಯನ್ನು ತಡೆಯಲಾರದೆ ಹೋಯಿತು. ೨೮ ಸೈನಿಕರು ಸತ್ತರು. ಆ ಯಂತ್ರದ ಗಡಿಯಾರವು ಸೆಕೆಂಡಿನ ಹತ್ತನೆಯ ಪಾಲುಗಳನ್ನು ಎಣಿಸುತ್ತಿತ್ತು. ಆ ಪಾಲನ್ನು ಕೇವಲ ೨೪ ದ್ವಿಮಾನ ಸ್ಥಾನಗಳಲ್ಲಿ ಕತ್ತರಿಸಿ ಇಡಲಾಗಿತ್ತು. ಸುಮಾರು ನೂರು ತಾಸು ಬಿಡದೆ ನಡೆದಾಗ ೩೬ ಲಕ್ಷ ಎಣಿಕೆಗಳಾದವು. ಒಂದೊಂದರ ಸಣ್ಣ ತಪ್ಪೂ ಸೇರಿ ಒಟ್ಟು ೦.೩೪ ಸೆಕೆಂಡಾಯಿತು. ಅಷ್ಟರಲ್ಲಿ ಕ್ಷಿಪಣಿ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಸಾಗಿಬಿಡುತ್ತದೆ.

ಹಾಗಾದರೆ ಉಪಾಯವೇನು? ಯಂತ್ರಕ್ಕೆ ನಮ್ಮಂತೆ ಹತ್ತರ ಲೆಕ್ಕವನ್ನೇ ಕಲಿಸುವುದು. ಹತ್ತರ ಲೆಕ್ಕ ನಮ್ಮ ಸೀಮೆಗೆ ೧೯೫೭ರಲ್ಲಿ ಹೊಸದಾಗಿ ಬಂದದ್ದೂ ಅಲ್ಲ. ಗಜೇಂದ್ರಗಡದ ಬಳಿಯ ಸೂಡಿಯನ್ನು ನೀವು ಅಲ್ಲಿಯ ಜೋಡುಕಳಸದ ಗುಡಿಗಾಗಿ ಬಲ್ಲಿರಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಲಕ್ಕುಂಡಿಯಲ್ಲಿದ್ದಂತೆ ಸೂಡಿಯಲ್ಲಿಯೂ ಟಂಕಸಾಲೆಯಿತ್ತು. ಆ ಕಾಲದ ಚಿನ್ನದ ಗದ್ಯಾಣಕ್ಕೆ ಹತ್ತು ಪಣ. ಹತ್ತನೆಯ ಪಾಲಿಗೆಂದೇ ಒಂದು ನಾಣ್ಯವಿದ್ದುದರಿಂದ ಶೇಷದ ತೊಡಕಿರಲಿಲ್ಲ.

ಪೈಥಾನ್ ಭಾಷೆಗೆ ೨೦೦೪ರಲ್ಲಿ 'ಡೆಸಿಮಲ್' ಎಂಬ ಭಾಗವನ್ನು ಸೇರಿಸಿದರು. ಇದರ ಕೆಲಸ ಬಹಳ ಸರಳ. ೨.೬೭೫ನ್ನು ಅರೆ-ಕಾಲು-ವೀಸಗಳಾಗಿ ಒಡೆಯುವುದಿಲ್ಲ. ೨೬೭೫ ಎಂಬ ಅಂಕಿಗಳನ್ನು ಇದ್ದಂತೆಯೇ ಬರೆದುಕೊಂಡು, 'ಬಿಂದುವು ಬಲದಿಂದ ಮೂರನೆಯ ಸ್ಥಾನದ ಮುಂದೆ' ಎಂದು ಪಕ್ಕದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಅಡತಿ ಅಂಗಡಿಯ ಗುಮಾಸ್ತರು ಕಾಗದದ ಮೇಲೆ ಮಾಡುವುದೂ ಇದನ್ನೇ. ಈಗ ೦.೧ನ್ನು ಹತ್ತು ಸಲ ಕೂಡಿಸಿದರೆ ಬರುವುದು ಹದಿನಾರಾಣೆ ಖರೆಯಾದ ಒಂದು. ಬೇರೆ ಭಾಷೆಗಳಲ್ಲಿಯೂ ಇಂಥ ಸೌಕರ್ಯವುಂಟು. ೧೯೫೯ರಲ್ಲಿ ವ್ಯಾಪಾರದ ಲೆಕ್ಕಕ್ಕಾಗಿಯೇ ರೂಪುಗೊಂಡ ಕೋಬಾಲ್ ಭಾಷೆಯಲ್ಲಿ ಮೊದಲಿನಿಂದಲೂ ಇತ್ತು.

ಎಷ್ಟು ಅಂಕಿಗಳವರೆಗೆ ಲೆಕ್ಕ ನಡೆಯಬೇಕು ಎಂಬುದನ್ನು ಇಲ್ಲಿ ನೀವೇ ಗೊತ್ತುಮಾಡಬಹುದು. ಏನೂ ಹೇಳದಿದ್ದರೆ ೨೮ ಅಂಕಿ. ಈ ೨೮ ಎಷ್ಟು ದೊಡ್ಡದೆಂಬುದಕ್ಕೆ ಬೆಂಗಳೂರಿನ ಶಕುಂತಲಾದೇವಿಯವರ ಲೆಕ್ಕವನ್ನೇ ನೆನೆಯಬಹುದು. ೧೯೮೦ರ ಜೂನ್ ೧೮ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರು ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ೨೮ ಸೆಕೆಂಡುಗಳಲ್ಲಿ ಮನಸ್ಸಿನಲ್ಲಿಯೇ ಗುಣಿಸಿ ೨೬ ಅಂಕಿಗಳ ಉತ್ತರವನ್ನು ಹೇಳಿದರು. ಅದೇ ಗುಣಾಕಾರವನ್ನು ಯಂತ್ರದ ಸಾಮಾನ್ಯ ಅಪೂರ್ಣಾಂಕ ಲೆಕ್ಕಕ್ಕೆ ಕೊಟ್ಟರೆ ಮೊದಲಿನ ಹದಿನಾರು-ಹದಿನೇಳು ಅಂಕಿ ಸರಿಬಂದು ಉಳಿದವು ಕೈಬಿಡುತ್ತವೆ. ೨೮ ಅಂಕಿಯ ದಶಮಾನ ಲೆಕ್ಕದಲ್ಲಿ ೨೬ ಅಂಕಿಗಳೂ ಸರಿಯಾಗಿ ಬರುತ್ತವೆ.

ಇನ್ನು ಮುಖ್ಯವಾದ ಮಾತಿಗೆ ಬರೋಣ. ಕೊನೆಯಲ್ಲಿ ಉಳಿಯುವ ಅರ್ಧ ಪೈಸೆ ಯಾರಿಗೆ ಸೇರಬೇಕು? ನರಗುಂದದ ರೈತರೊಬ್ಬರು ೩.೪೭ ಕ್ವಿಂಟಲ್ ಹತ್ತಿಯನ್ನು ಕ್ವಿಂಟಲಿಗೆ ೭೧೪೫.೫೦ ರೂಪಾಯಿಯಂತೆ ಮಾರಿದರೆಂದು ಇಟ್ಟುಕೊಳ್ಳಿರಿ. ಗುಣಿಸಿದರೆ ೨೪೭೯೪ ರೂಪಾಯಿ ೮೮ ಪೈಸೆ, ಮೇಲೆ ಸರಿಯಾಗಿ ಅರ್ಧ ಪೈಸೆ. ಅದನ್ನು ಮೇಲಕ್ಕೆ ಏರಿಸಿದರೆ ರೈತರಿಗೆ ಲಾಭ, ಕೆಳಕ್ಕೆ ಇಳಿಸಿದರೆ ಕೊಂಡವರಿಗೆ ಲಾಭ. ಒಂದು ವ್ಯವಹಾರದಲ್ಲಿ ಇದು ಏನೂ ಅಲ್ಲ. ಯಾವಾಗಲೂ ಒಂದೇ ಕಡೆಗೆ ವಾಲಿದರೆ ಮಾತ್ರ ಅದು ಲೆಕ್ಕದ ಹೆಸರಿನಲ್ಲಿ ನಡೆಯುವ ಅನ್ಯಾಯವಾಗುತ್ತದೆ.

೧೯೫೭ರಲ್ಲಿ ಈ ಪ್ರಶ್ನೆ ಪ್ರತಿಯೊಂದು ಅಂಗಡಿಯಲ್ಲಿಯೂ ಎದ್ದಿತ್ತು. ಒಂದಾಣೆಗೆ ೬.೨೫ ನಯಾ ಪೈಸೆಯಾಗಬೇಕು, ಅಂಥ ನಾಣ್ಯವಿಲ್ಲ. ಅರ್ಧ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಬಿಡಬೇಕು, ಹೆಚ್ಚಿದ್ದರೆ ಒಂದೆಂದು ಹಿಡಿಯಬೇಕು ಎಂಬುದು ಆಗಿನ ನಿಯಮ. ಹೀಗಾಗಿ ಒಂದಾಣೆಗೆ ೬, ಎರಡಾಣೆಗೆ ೧೨, ಮೂರಾಣೆಗೆ ೧೯, ನಾಲ್ಕಾಣೆಗೆ ೨೫. ಒಂದೊಂದಾಣೆಯ ಸರಕನ್ನು ಹದಿನಾರು ಸಲ ಕೊಂಡವರು ೯೬ ನಯಾ ಪೈಸೆ ಕೊಟ್ಟರು. ಒಂದೇ ಸಲ ಕೊಂಡವರು ನೂರು ಕೊಟ್ಟರು. ರೂಪಾಯಿಯಲ್ಲಿ ನಾಲ್ಕು ಪೈಸೆಯ ಅಂತರ! ಇದರಿಂದ ಕಲಿಯಬೇಕಾದುದು ಇಷ್ಟೇ: ಮೊದಲು ಮೊತ್ತ ಮಾಡಬೇಕು, ಕೊನೆಗೆ ಒಂದೇ ಸಲ ಸರಿಹೊಂದಿಸಬೇಕು.

ಈ ಪಾಠವನ್ನು ಮರೆತವರು ದೊಡ್ಡ ಪಟ್ಟಣಗಳಲ್ಲಿಯೂ ಇದ್ದರು. ಕೆನಡಾ ದೇಶದ ವ್ಯಾಂಕೂವರ್ ಷೇರುಪೇಟೆಯ ಸೂಚ್ಯಂಕವು ೧೯೮೨ರಲ್ಲಿ ಒಂದು ಸಾವಿರದಿಂದ ಆರಂಭವಾಯಿತು. ಪ್ರತಿ ಸಲ ಲೆಕ್ಕ ಮಾಡಿದಾಗಲೂ ಮೂರನೆಯ ದಶಮಾಂಶ ಸ್ಥಾನದ ಮುಂದಿನದನ್ನು ಕತ್ತರಿಸಿ ಹಾಕುತ್ತಿದ್ದರು. ಸುಮಾರು ೨೨ ತಿಂಗಳಲ್ಲಿ ಅದು ೫೨೪ಕ್ಕೆ ಇಳಿದು ಕುಳಿತಿತ್ತು. ಸರಿಯಾಗಿ ಲೆಕ್ಕ ಮಾಡಿ ನೋಡಿದಾಗ ಇರಬೇಕಾದುದು ೧೦೯೮ ಎಂದು ತಿಳಿಯಿತು.

ಡೆಸಿಮಲ್ ಭಾಗದಲ್ಲಿ ಸರಿಹೊಂದಿಸುವ ಎಂಟು ನಿಯಮಗಳಿವೆ. ೧೯೫೭ರ ನಿಯಮವೂ ಅವುಗಳಲ್ಲಿ ಒಂದು. ಬೇರೆ ಏನೂ ಹೇಳದಿದ್ದರೆ ಅದು ಅನುಸರಿಸುವ ಕ್ರಮ ಹೀಗಿದೆ: ಸರಿಯಾಗಿ ಅರ್ಧ ಉಳಿದರೆ ಹತ್ತಿರದ ಸಮಸಂಖ್ಯೆಗೆ ಹೊಂದಿಸುವುದು. ೧೨.೫ ಇದ್ದರೆ ೧೨, ೩೭.೫ ಇದ್ದರೆ ೩೮. ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ ಹೋಗುವುದರಿಂದ ಬಹಳ ವ್ಯವಹಾರಗಳಲ್ಲಿ ತಕ್ಕಡಿ ಒಂದೇ ಕಡೆಗೆ ವಾಲುವುದಿಲ್ಲ.

ಕೂಡುವುದು ಕಳೆಯುವುದಷ್ಟೇ ಅಲ್ಲ, ವರ್ಗಮೂಲ, ಲಾಗರಿದಮ್, ಘಾತಗಳನ್ನು ಕೂಡ ಬೇಕಾದಷ್ಟು ಅಂಕಿಗಳವರೆಗೆ ಇದು ಕೊಡುತ್ತದೆ. ಇಷ್ಟು ಅಂಕಿ ಎಲ್ಲಿಂದ ಬರುತ್ತವೆ ಎಂದು ತಿಳಿಯಲು ನೀವೇ ಕೈಯಿಂದ ಮಾಡಬಹುದಾದ ನ್ಯೂಟನ್ನನ ಹಾದಿಯನ್ನು ನೋಡೋಣ. ಎರಡರ ವರ್ಗಮೂಲ ಬೇಕು. ೧.೫ ಎಂದು ಊಹಿಸಿರಿ. ಎರಡನ್ನು ೧.೫ರಿಂದ ಭಾಗಿಸಿ, ಬಂದದ್ದಕ್ಕೂ ೧.೫ಕ್ಕೂ ಸರಾಸರಿ ತೆಗೆಯಿರಿ: ೧.೪೧೬೬. ಅದನ್ನೇ ಹೊಸ ಊಹೆಯೆಂದು ಹಿಡಿದು ಇನ್ನೊಮ್ಮೆ ಮಾಡಿರಿ: ೧.೪೧೪೨೧೫೬. ಮತ್ತೊಮ್ಮೆ: ೧.೪೧೪೨೧೩೫೬೨೩೭೪. ಬಿಂದುವಿನ ನಂತರ ಮೊದಲು ಎರಡು ಅಂಕಿ ಸರಿ, ಆಮೇಲೆ ಐದು, ಆಮೇಲೆ ಹನ್ನೊಂದು. ಪ್ರತಿ ಸಲ ಸರಿಯಾದ ಅಂಕಿಗಳು ಇಮ್ಮಡಿಯಾಗುತ್ತ ಹೋಗುತ್ತವೆ. ಆದ್ದರಿಂದ ನೂರು ಅಂಕಿ ಬೇಕೆಂದರೂ ಯಂತ್ರಕ್ಕೆ ಭಾರವಾಗದು.

ಆದರೆ ಅಂಕಿಗಳು ಹೆಚ್ಚಿದ ಮಾತ್ರಕ್ಕೆ ಲೆಕ್ಕ ನಿಜವಾಗುವುದಿಲ್ಲ. ನೃಪತುಂಗ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, 'ಗಣಿತಸಾರಸಂಗ್ರಹ'ವನ್ನು ಬರೆದ ಮಹಾವೀರಾಚಾರ್ಯರು ವೃತ್ತದ ಪರಿಧಿಗೆ ಎರಡು ಅಳತೆಗಳನ್ನು ಹೇಳಿದರು: ವ್ಯವಹಾರಕ್ಕೆ ವ್ಯಾಸದ ಮೂರರಷ್ಟು, ಸೂಕ್ಷ್ಮ ಲೆಕ್ಕಕ್ಕೆ ವ್ಯಾಸದ ಹತ್ತರ ವರ್ಗಮೂಲದಷ್ಟು. ಹತ್ತರ ವರ್ಗಮೂಲ ೩.೧೬೨೨. ನಿಜವಾದ ಬೆಲೆ ೩.೧೪೧೫. ಹತ್ತರ ವರ್ಗಮೂಲವನ್ನು ನೂರು ಅಂಕಿಗಳವರೆಗೆ ತೆಗೆದರೂ ಈ ಅಂತರ ಕರಗದು. ತಕ್ಕಡಿಯೇ ನೂರು ಗ್ರಾಂ ತಪ್ಪು ತೋರಿಸುತ್ತಿದ್ದರೆ ೨೮ ಅಂಕಿಯ ಗುಣಾಕಾರದಿಂದ ರೈತರಿಗೆ ಏನೂ ದಕ್ಕದು.

ಮತ್ತೊಂದು ಮಿತಿಯುಂಟು. ರೋಣದಲ್ಲಿ ಮೂವರು ಅಣ್ಣತಮ್ಮಂದಿರು ನೂರು ರೂಪಾಯಿ ಹಂಚಿಕೊಂಡರೆ ತಲೆಗೆ ೩೩.೩೩, ಒಂದು ಪೈಸೆ ಉಳಿಯುತ್ತದೆ. ಹತ್ತರ ಲೆಕ್ಕದಲ್ಲಿ ಮೂರನೆಯ ಪಾಲು ಎಂದಿಗೂ ಮುಗಿಯದು. ಆ ಪೈಸೆ ಯಾರಿಗೆಂಬುದನ್ನು ಯಂತ್ರ ಹೇಳಲಾರದು. ಮನೆಯವರೇ ತೀರ್ಮಾನಿಸಿ ಅದಕ್ಕೆ ತಿಳಿಸಬೇಕು. ಮೇಲಾಗಿ ದಶಮಾನ ಲೆಕ್ಕ ದ್ವಿಮಾನಕ್ಕಿಂತ ನಿಧಾನ. ಹವೆಯ ಮುನ್ಸೂಚನೆ, ಚಿತ್ರ, ಸಂಗೀತಗಳ ಕೆಲಸಕ್ಕೆ ಅರೆ-ಕಾಲು-ವೀಸದ ವೇಗದ ಲೆಕ್ಕವೇ ಸಾಕು. ಅಲ್ಲಿಯ ಅಳತೆಗಳೇ ಹದಿನಾರು ಅಂಕಿಗಳಷ್ಟು ಸೂಕ್ಷ್ಮವಾಗಿರುವುದಿಲ್ಲ.

ನಿಮ್ಮ ಮನೆಯ ಮಕ್ಕಳು ಗದಗಿನಲ್ಲೋ ಹುಬ್ಬಳ್ಳಿಯಲ್ಲೋ ಈ ವಿದ್ಯೆಯನ್ನು ಕಲಿಯುತ್ತಿರಬಹುದು. ಗಜೇಂದ್ರಗಡದ ನೇಕಾರರ ಕೂಲಿಯ ಪಟ್ಟಿಯನ್ನೋ, ಸಹಕಾರಿ ಸಂಘದ ಬಡ್ಡಿಯ ಲೆಕ್ಕವನ್ನೋ ಅವರು ನಾಳೆ ಬರೆದಾರು. ಆಗ ಅವರಿಗೆ ಮೂರು ಮಾತು ಹೇಳಿರಿ. ಹಣದ ಲೆಕ್ಕವಾದರೆ ದಶಮಾನ ಲೆಕ್ಕವನ್ನೇ ಬಳಸಬೇಕು. ಡೆಸಿಮಲ್ಲಿಗೆ ೦.೧ನ್ನು ಕೊಡುವಾಗ ಉದ್ಧರಣ ಚಿಹ್ನೆಗಳೊಳಗೆ ಅಕ್ಷರದಂತೆ ಬರೆದು ಕೊಡಬೇಕು. ಬರಿದೆ ಕೊಟ್ಟರೆ ಅದು ಮೊದಲು ದ್ವಿಮಾನಕ್ಕೆ ತಿರುಗಿ, ಹಳೆಯ ತಪ್ಪನ್ನು ಹೊತ್ತುಕೊಂಡೇ ಒಳಗೆ ಬರುತ್ತದೆ. ಮೂರನೆಯದು, ಸರಿಹೊಂದಿಸುವ ನಿಯಮ ಯಾವುದೆಂದು ಮೊದಲೇ ಗೊತ್ತುಮಾಡಿ, ಹಣ ಕೊಡುವವರಿಗೂ ತೆಗೆದುಕೊಳ್ಳುವವರಿಗೂ ತಿಳಿಯುವಂತೆ ಬರೆದಿಡಬೇಕು. ಇಂದು ಐವತ್ತು ಪೈಸೆಗಿಂತ ಸಣ್ಣ ನಾಣ್ಯ ಚಲಾವಣೆಯಲ್ಲಿಲ್ಲ. ಆದರೂ ಬ್ಯಾಂಕಿನ ಪುಸ್ತಕದಲ್ಲಿ, ಮೊಬೈಲಿನ ಪಾವತಿಯಲ್ಲಿ ಒಂದೊಂದು ಪೈಸೆಯೂ ಬರೆಯಲ್ಪಡುತ್ತಿದೆ. ನಿಮ್ಮ ಮುಂದಿನ ಬಡ್ಡಿಯ ಲೆಕ್ಕ ಬಂದಾಗ ಕಾಗದ ಪೆನ್ನು ತೆಗೆದುಕೊಂಡು ಒಮ್ಮೆ ನೀವೇ ತಾಳೆ ಹಾಕಿ ನೋಡಿರಿ.