ಪರದೇಶದಲ್ಲಿ ಪಡೆ: ಇರುವುದೇಕೆ, ಹೊರಡುವುದೇಕೆ?

ದಕ್ಷಿಣ ಕೊರಿಯಾದಲ್ಲಿ ಇಂದಿಗೂ ಸುಮಾರು 28,500 ಅಮೆರಿಕನ್ ಸೈನಿಕರಿದ್ದಾರೆ. ಹತ್ತು ಲಕ್ಷ ಮೀರಿದ ಉತ್ತರ ಕೊರಿಯಾದ ಸೇನೆಯನ್ನು ಇಷ್ಟು ಜನ ತಡೆದಾರೇ? ತಡೆಯಲಾರರು, ಅವರನ್ನು ಅಲ್ಲಿಟ್ಟಿರುವುದು ಅದಕ್ಕಲ್ಲ. ಅವರ ಮೇಲೆ ಗುಂಡು ಹಾರಿದರೆ ವಾಷಿಂಗ್ಟನ್ ಕೈಕಟ್ಟಿ ಕೂರುವಂತಿಲ್ಲ, ಈ ಭಯವೇ ಅಲ್ಲಿನ ನಿಜವಾದ ಆಯುಧ. 1977ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಭೂಸೇನೆಯನ್ನು ವಾಪಸ್ ಕರೆಸಲು ಹೊರಟಾಗ ಅವರದೇ ಸೇನಾಧಿಕಾರಿಗಳು ತಿರುಗಿಬಿದ್ದರು. ಉತ್ತರದ ಸೇನೆ ಅಂದಾಜಿಗಿಂತ ದೊಡ್ಡದೆಂಬ ಗುಪ್ತಚರ ವರದಿಯೂ ಬಂತು. 1979ರಲ್ಲಿ ಯೋಜನೆ ಅಲ್ಲಿಗೇ ನಿಂತಿತು.

ಪರರ ಕಾವಲಿಗೆ ನಮ್ಮ ದುಡ್ಡೇಕೆ ಎಂಬ ತಕರಾರು ಅಮೆರಿಕದಲ್ಲಿ ಹಳೆಯದು. ಅದು ಪೂರ್ತಿ ಸುಳ್ಳಲ್ಲ, ಆದರೆ ಪ್ಯೊಂಗ್‌ಟೇಕ್‌ನಲ್ಲಿರುವ ಅಮೆರಿಕದ ಸೇನಾನೆಲೆ ಕ್ಯಾಂಪ್ ಹಂಫ್ರೀಸ್‌ನ ವಿಸ್ತರಣೆಯ ಖರ್ಚಿನಲ್ಲಿ ಸುಮಾರು ಶೇ 90ರಷ್ಟು ಭರಿಸಿದ್ದು ದಕ್ಷಿಣ ಕೊರಿಯಾವೇ. ದುಡ್ಡಿಗಿಂತ ದೊಡ್ಡ ಮಾತು, ನೆಲ ಕೊಟ್ಟವರ ಒಪ್ಪಿಗೆ. ಫಿಲಿಪೀನ್ಸ್ ನೋಡಿ. 1991ರ ಜೂನ್‌ನಲ್ಲಿ ಪಿನಾಟುಬೊ ಜ್ವಾಲಾಮುಖಿಯ ಬೂದಿ ಅಲ್ಲಿದ್ದ ಅಮೆರಿಕದ ಕ್ಲಾರ್ಕ್ ವಾಯುನೆಲೆಯ ಮೇಲೆ ಸುರಿಯಿತು. ಸೆಪ್ಟೆಂಬರ್‌ನಲ್ಲಿ ಫಿಲಿಪೀನ್ಸ್ ಸೆನೆಟ್ ನೆಲೆಗಳ ಹೊಸ ಒಪ್ಪಂದವನ್ನೇ ತಳ್ಳಿಹಾಕಿತು. 1992ರ ನವೆಂಬರ್‌ನಲ್ಲಿ ಅಮೆರಿಕನ್ನರು ಸುಬಿಕ್ ಕೊಲ್ಲಿಯ ನೌಕಾನೆಲೆಯನ್ನೂ ಬಿಟ್ಟು ಹೊರಟರು. ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾದ ಒತ್ತಡ ಹೆಚ್ಚಿದ ಮೇಲೆ, 2014ರಲ್ಲಿ, ಅದೇ ಮನಿಲಾ ಅವರಿಗೆ ಮತ್ತೆ ಬಾಗಿಲು ತೆರೆಯಿತು. ಈ ಸಲ ಕಾಯಂ ನೆಲೆಯಿಲ್ಲ, ಫಿಲಿಪೀನ್ಸ್ ಸೇನೆಯದೇ ಶಿಬಿರಗಳಲ್ಲಿ ಸರದಿಯಂತೆ ಬಂದುಹೋಗುವ ಪಡೆಗಳು ಮಾತ್ರ.