ಚಾರ್ಟ್ ತಂತ್ರಾಂಶಕ್ಕೆ ಪ್ರಶ್ನೆ ಕೇಳುವ ಬಗೆ

ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ, ಎಂದರೆ ಎನ್‌ಎಸ್‌ಇಯಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಕಂಪನಿಗಳ ಷೇರುಗಳಿವೆ. ಒಂದೊಂದು ಚಾರ್ಟಿಗೆ ಅರ್ಧ ನಿಮಿಷ ಕೊಟ್ಟರೂ ಎಲ್ಲವನ್ನೂ ನೋಡಲು ಹದಿನಾರು ಗಂಟೆಗೂ ಹೆಚ್ಚು ಬೇಕು. ಸಂಜೆ ಆರಕ್ಕೆ ಕೂತವರು ಮುಗಿಸುವ ಹೊತ್ತಿಗೆ ಮರುದಿನದ ಪೇಟೆ ತೆರೆದು ಗಂಟೆ ದಾಟಿರುತ್ತದೆ. ಹೀಗಾಗಿ ಬಹಳ ಜನ ಪರಿಚಿತವಾದ ಹತ್ತಿಪ್ಪತ್ತು ಷೇರುಗಳನ್ನೇ ನೋಡುತ್ತಾರೆ, ಇಲ್ಲವೇ ಯಾರೋ ಕಳಿಸಿದ ಟಿಪ್ಸ್ ನಂಬುತ್ತಾರೆ. ಈ ಎರಡೂ ದಾರಿಗಳಿಗಿಂತ ಒಳ್ಳೆಯ ದಾರಿಯೊಂದಿದೆ: ನಮಗೆ ಬೇಕಾದುದನ್ನು ಸೂತ್ರವಾಗಿ ಬರೆದು ತಂತ್ರಾಂಶದಿಂದಲೇ ಹುಡುಕಿಸುವುದು. ಆದರೆ ಸೂತ್ರ ನಾವು ಬರೆದದ್ದನ್ನು ಮಾತ್ರ ಹುಡುಕುತ್ತದೆ, ಮನಸ್ಸಿನಲ್ಲಿದ್ದುದನ್ನಲ್ಲ. ಹೆಚ್ಚಿನವರು ಎಡವುವುದು ಈ ಅಂತರದಲ್ಲಿ.

ಈ ಕೆಲಸಕ್ಕೆ ತಂತ್ರಾಂಶಗಳು ಹಲವಾರಿವೆ. ಮೆಟಾಸ್ಟಾಕ್ 1980ರ ದಶಕದ್ದು. ಟ್ರೇಡಿಂಗ್‌ವ್ಯೂನಲ್ಲಿ ಪೈನ್ ಸ್ಕ್ರಿಪ್ಟ್ ಎಂಬ ಭಾಷೆಯಿದೆ. ನಮ್ಮ ದೇಶದ ಚಾರ್ಟಿಂಕ್‌ನಲ್ಲಿ ಕೋಡ್ ಬರೆಯುವುದೇ ಬೇಡ, ಪಟ್ಟಿಯಿಂದ ಷರತ್ತುಗಳನ್ನು ಆರಿಸಿ ಜೋಡಿಸಿದರೆ ಸಾಕು. ಇಲ್ಲಿ ನಾನು ಅಮಿಬ್ರೋಕರ್‌ ಅನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಇದು ತೋಮಾಷ್ ಯಾನೆಚ್ಕೊ ಅವರು ರೂಪಿಸಿದ ತಂತ್ರಾಂಶ. ಭಾರತದ ಟ್ರೇಡರ್‌ಗಳಲ್ಲಿ ಚೆನ್ನಾಗಿ ಬಳಕೆಯಲ್ಲಿದೆ, ಇದರ ಸೂತ್ರಭಾಷೆಯಾದ ಎಎಫ್‌ಎಲ್ ಚಿಕ್ಕದು, ಕಲಿಯಲು ಸುಲಭ. ಇಲ್ಲಿ ಕಲಿತ ತರ್ಕ ಬೇರೆ ಎಲ್ಲ ಕಡೆಯೂ ನಡೆಯುತ್ತದೆ.

ತಂತ್ರಾಂಶಕ್ಕೆ ಒಂದು ಷೇರಿನ ಒಂದು ದಿನವೆಂದರೆ ಐದು ಅಂಕಿಗಳು: ಓಪನ್, ಹೈ, ಲೋ, ಕ್ಲೋಸ್, ವಾಲ್ಯೂಮ್. ಪೇಟೆ ಮುಗಿದ ಮೇಲೆ ಎನ್‌ಎಸ್‌ಇ ಪ್ರಕಟಿಸುವ ಭಾವ್‌ಕಾಪಿಯಲ್ಲಿ ಎಲ್ಲ ಷೇರುಗಳ ಈ ಅಂಕಿಗಳೂ ಸಿಗುತ್ತವೆ. ಆರ್‌ಎಸ್‌ಐ ಆಗಲಿ, ಮೂವಿಂಗ್ ಆವರೇಜ್ ಆಗಲಿ ಹುಟ್ಟುವುದು ಇವುಗಳಿಂದಲೇ. ಜೆ. ವೆಲ್ಸ್ ವೈಲ್ಡರ್ 1978ರಲ್ಲಿ ಆರ್‌ಎಸ್‌ಐ ವಿವರಿಸಿದಾಗ ಕೈಯಲ್ಲೇ ಲೆಕ್ಕ ಹಾಕಿ ತುಂಬುವ ಕೋಷ್ಟಕವನ್ನೂ ಕೊಟ್ಟಿದ್ದರು. ಇಂದು ಆ ಕೆಲಸ ಕಣ್ಣು ಮಿಟುಕಿಸುವುದರಲ್ಲಿ ಆಗುತ್ತದೆ, ಲೆಕ್ಕ ಮಾತ್ರ ಅದೇ.

ಸೂತ್ರ ಬರೆಯುವ ಮೊದಲು ಪ್ರಶ್ನೆಯನ್ನು ಕನ್ನಡದಲ್ಲಿ ಪೂರ್ತಿಯಾಗಿ ಕಾಗದದ ಮೇಲೆ ಬರೆಯಿರಿ. ಇದನ್ನು ಒತ್ತಿ ಹೇಳುತ್ತೇನೆ. 'ಬ್ರೇಕ್‌ಔಟ್ ಆದ ಷೇರು ಬೇಕು' ಎಂಬುದು ಪ್ರಶ್ನೆಯಲ್ಲ, ಆಸೆ. ಪ್ರಶ್ನೆ ಹೀಗಿರಬೇಕು: ಹಿಂದಿನ 20 ದಿನಗಳ ಗರಿಷ್ಠ ಬೆಲೆಯ ಮೇಲೆ ಇಂದು ಮುಗಿದಿರುವ, 20 ದಿನಗಳ ಸರಾಸರಿಯ ಎರಡು ಪಟ್ಟಿಗಿಂತ ಹೆಚ್ಚು ವಾಲ್ಯೂಮ್ ಕಂಡಿರುವ, 200 ದಿನಗಳ ಸರಾಸರಿ ಬೆಲೆಗಿಂತ ಮೇಲಿರುವ, ದಿನಕ್ಕೆ ಸರಾಸರಿ 5 ಕೋಟಿ ರೂಪಾಯಿಗಾದರೂ ವಹಿವಾಟಾಗುವ ಷೇರುಗಳು ಯಾವುವು?

ಮೊದಲ ತುಂಡಿನಲ್ಲೇ ಒಂದು ಗುಂಡಿಯಿದೆ. 20 ದಿನಗಳ ಗರಿಷ್ಠ ಬೆಲೆಗೆ ಎಎಫ್‌ಎಲ್‌ನಲ್ಲಿ ಎಚ್‌ಎಚ್‌ವಿ(ಹೈ, 20) ಎಂಬ ಫಂಕ್ಷನ್ ಇದೆ. (ತಂತ್ರಾಂಶದಲ್ಲಿ ಇದನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.) ಹೊಸಬರು 'ಕ್ಲೋಸ್ > ಎಚ್‌ಎಚ್‌ವಿ(ಹೈ, 20)' ಎಂದು ಬರೆಯುತ್ತಾರೆ. ಇದಕ್ಕೆ ಒಂದು ಷೇರೂ ಸಿಗುವುದಿಲ್ಲ, ಎಂದೆಂದೂ ಸಿಗುವುದಿಲ್ಲ. ಆ 20 ದಿನಗಳಲ್ಲಿ ಇಂದಿನ ದಿನವೂ ಸೇರಿದೆ. ಇಂದಿನ ಕ್ಲೋಸ್ ಇಂದಿನ ಹೈ ಅನ್ನು ಮುಟ್ಟಬಹುದೇ ಹೊರತು ದಾಟಲಾರದು. ನಮಗೆ ಬೇಕಾದದ್ದು ನಿನ್ನೆಗೆ ಮುಗಿದ 20 ದಿನಗಳು. ಹಿಂದಿನ ದಿನದ ಬೆಲೆ ತರುವ ಫಂಕ್ಷನ್ ರೆಫ್. ಸರಿಯಾದ ರೂಪ: ಕ್ಲೋಸ್ > ರೆಫ್(ಎಚ್‌ಎಚ್‌ವಿ(ಹೈ, 20), -1).

ಆ ಮೈನಸ್ ಚಿಹ್ನೆಯ ಮೇಲೆ ಕಣ್ಣಿರಲಿ. ಅದು ಬಿಟ್ಟುಹೋದರೆ ರೆಫ್ ಹಿಂದಿನ ದಿನದ ಬದಲು ಮುಂದಿನ ದಿನಕ್ಕೆ ಹೋಗುತ್ತದೆ. ಹಳೆಯ ದತ್ತಾಂಶದ ಮೇಲೆ ಪರೀಕ್ಷಿಸುವಾಗ ತಂತ್ರಾಂಶಕ್ಕೆ 'ನಾಳೆ' ಗೊತ್ತಿರುತ್ತದಲ್ಲ, ಅದನ್ನು ನೋಡಿಯೇ ಇಂದು ಕೊಳ್ಳುತ್ತದೆ, ಫಲಿತಾಂಶ ಬೆರಗು ಹುಟ್ಟಿಸುವಷ್ಟು ಚೆನ್ನಾಗಿ ಬರುತ್ತದೆ. ಪರೀಕ್ಷೆಯ ಲಾಭದ ಗೆರೆ ಒಂದೂ ತಗ್ಗಿಲ್ಲದೆ ಮೇಲೇರುತ್ತಿದ್ದರೆ ಮೊದಲು ಹುಡುಕಬೇಕಾದದ್ದು ಇಂಥ ಇಣುಕುನೋಟವನ್ನು.

ವಾಲ್ಯೂಮ್ ಷರತ್ತಿನಲ್ಲೂ ಇದೇ ತೊಡಕು, ಇನ್ನೂ ಸೂಕ್ಷ್ಮವಾಗಿ. ಒಂದು ಷೇರು 19 ದಿನ ತಲಾ 1 ಲಕ್ಷದಂತೆ ವಹಿವಾಟಾಗಿ ಇಂದು 2.05 ಲಕ್ಷ ಆಗಿದೆ ಎನ್ನಿ. ಇಂದನ್ನೂ ಸೇರಿಸಿದ 20 ದಿನಗಳ ಸರಾಸರಿ ಸುಮಾರು 1.05 ಲಕ್ಷ, ಅದರ ಎರಡು ಪಟ್ಟು 2.1 ಲಕ್ಷ. ಷೇರು ಹೊರಗುಳಿಯಿತು. ಇಂದಿನ ಏರಿಕೆ ತನ್ನನ್ನು ಅಳೆಯುವ ಕೋಲನ್ನೇ ಎತ್ತರಿಸಿತು. ಇಲ್ಲಿಯೂ ಸರಾಸರಿಯನ್ನು ರೆಫ್ ಮೂಲಕ ನಿನ್ನೆಗೆ ನಿಲ್ಲಿಸಬೇಕು.

200 ದಿನಗಳ ಸರಾಸರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇತ್ತೀಚೆಗೆ ಐಪಿಒ ಆದ ಷೇರುಗಳಿಗೆ ಅಷ್ಟು ದಿನಗಳ ಚರಿತ್ರೆ ಇರುವುದಿಲ್ಲ, ಅವು ತಾವಾಗಿಯೇ ಹೊರಬೀಳುತ್ತವೆ ಎಂಬುದು ನೆನಪಿದ್ದರೆ ಸಾಕು. ವಹಿವಾಟಿನ ಮೊತ್ತದ ಷರತ್ತನ್ನು ಮಾತ್ರ ಯಾರೂ ಬಿಡಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ದಿನಕ್ಕೆ ಹತ್ತಿಪ್ಪತ್ತು ಲಕ್ಷ ರೂಪಾಯಿಯಷ್ಟೇ ವಹಿವಾಟಾಗುವ ಷೇರಿನಲ್ಲಿ ಚಾರ್ಟ್ ಎಷ್ಟು ಸುಂದರವಾಗಿದ್ದರೂ ಲೋವರ್ ಸರ್ಕ್ಯೂಟ್ ಬಿದ್ದ ದಿನ ಕೊಳ್ಳುವವರೇ ಇರುವುದಿಲ್ಲ. ಕ್ಲೋಸ್ ಮತ್ತು ವಾಲ್ಯೂಮ್ ಗುಣಿಸಿ 20 ದಿನಗಳ ಸರಾಸರಿ ತೆಗೆದರೆ ಮೊತ್ತ ಸಿಗುತ್ತದೆ. 5 ಕೋಟಿ ಎಂಬುದು ನಾನು ಇಟ್ಟ ಗಡಿ, ಬಂಡವಾಳ ನೋಡಿಕೊಂಡು ನೀವು ಬದಲಿಸಬಹುದು.

ನಾಲ್ಕೂ ಷರತ್ತುಗಳನ್ನು 'ಆಂಡ್' ಪದದಿಂದ ಪೋಣಿಸಿ ಫಿಲ್ಟರ್ ಎಂಬ ಹೆಸರಿಗೆ ಕೊಟ್ಟು, ಎಕ್ಸ್‌ಪ್ಲೋರೇಷನ್ ಓಡಿಸಿದರೆ ಪಟ್ಟಿ ಸಿದ್ಧ. ಆಡ್‌ಕಾಲಮ್ ಬಳಸಿ ಪಕ್ಕದಲ್ಲೇ ಬೇಕಾದ ಅಂಕಿಗಳನ್ನೂ ತರಿಸಬಹುದು. ಸೂತ್ರ ಸರಿಯಿದೆಯೇ ಎಂದು ತಿಳಿಯಲು ಪಟ್ಟಿಯಲ್ಲಿ ಬಂದ ಎರಡು ಷೇರು, ಬರಬೇಕಿತ್ತು ಅನ್ನಿಸಿಯೂ ಬಾರದ ಎರಡು ಷೇರು ತೆಗೆದುಕೊಂಡು ಅವುಗಳ ಅಂಕಿಗಳನ್ನು ಕೈಯಾರೆ ಲೆಕ್ಕ ಹಾಕಿ. ತಪ್ಪಿದ್ದರೆ ಹೆಚ್ಚಾಗಿ ಸಿಕ್ಕಿಬೀಳುವುದು ಬಾರದೆ ಉಳಿದ ಷೇರುಗಳಲ್ಲಿ.

ಸ್ಕ್ಯಾನ್ ಓಡಿಸುವ ಹೊತ್ತೂ ಮುಖ್ಯ. ಬೆಳಿಗ್ಗೆ 11ಕ್ಕೆ ಓಡಿಸಿದರೆ ಇಂದಿನ ವಾಲ್ಯೂಮ್ ಅರ್ಧಂಬರ್ಧ, ಕ್ಲೋಸ್ ಎಂದು ತಂತ್ರಾಂಶ ಹಿಡಿಯುವುದು ಆ ಕ್ಷಣದ ಬೆಲೆಯನ್ನು. ಆಗ ಪಟ್ಟಿಗೆ ಬಂದ ಷೇರು ಮೂರೂವರೆಗೆ ಮಾಯವಾಗಿರಬಹುದು. ದಿನದ ಚಾರ್ಟ್ ಆಧರಿಸಿದ ಸೂತ್ರವನ್ನು ಸಂಜೆ, ದಿನ ಪೂರ್ತಿ ಮುಗಿದ ಮೇಲೆ ಓಡಿಸುವುದೇ ಸರಿ. ಉದ್ಯೋಗದಲ್ಲಿರುವವರಿಗೂ ಇದೇ ಅನುಕೂಲ.

ಇನ್ನು ದತ್ತಾಂಶ. ಸೂತ್ರ ಚೊಕ್ಕವಾಗಿದ್ದೂ ಉತ್ತರ ಹಾಳಾಗುವುದು ಇಲ್ಲಿ. ಬೆಂಗಳೂರಿನ ಇನ್ಫೋಸಿಸ್ 2018ರ ಸೆಪ್ಟೆಂಬರ್‌ನಲ್ಲಿ ಒಂದಕ್ಕೊಂದು ಬೋನಸ್ ಷೇರು ಕೊಟ್ಟಿತು. ಷೇರುಗಳ ಸಂಖ್ಯೆ ಇಮ್ಮಡಿಯಾಯಿತು, ಬೆಲೆ ಅರ್ಧಕ್ಕೆ ಇಳಿಯಿತು, ಹೂಡಿಕೆದಾರರು ಕಳೆದುಕೊಂಡದ್ದೇನೂ ಇಲ್ಲ. ಆದರೆ ಹಳೆಯ ಬೆಲೆಗಳನ್ನು ಹೊಂದಿಸದ ದತ್ತಾಂಶದಲ್ಲಿ ಇದು ಒಂದೇ ದಿನದ ಅರ್ಧದಷ್ಟು ಕುಸಿತದಂತೆ ಕಾಣುತ್ತದೆ. 200 ದಿನಗಳ ಸರಾಸರಿ ತಿಂಗಳುಗಟ್ಟಲೆ ಬೆಲೆಯ ಮೇಲೆಯೇ ಉಳಿದು ನಮ್ಮ ಸೂತ್ರ ಆ ಷೇರನ್ನು ಅಷ್ಟು ಕಾಲವೂ ತಿರಸ್ಕರಿಸುತ್ತದೆ. ಭಾವ್‌ಕಾಪಿಯ ಹಳೆಯ ಕಡತಗಳು ಆಯಾ ದಿನದ ಬೆಲೆಯನ್ನು ಹಾಗೆಯೇ ಇಟ್ಟುಕೊಂಡಿರುತ್ತವೆ. ಬೋನಸ್, ಸ್ಪ್ಲಿಟ್‌ಗಳಿಗೆ ತಕ್ಕಂತೆ ಬೆಲೆಯನ್ನು ಇಳಿಸಿ, ವಾಲ್ಯೂಮನ್ನು ಅದೇ ಪ್ರಮಾಣದಲ್ಲಿ ಏರಿಸಿ ಹೊಂದಿಸುವ ಕೆಲಸ ದತ್ತಾಂಶ ಒದಗಿಸುವವರದ್ದು, ಇಲ್ಲವೇ ನಮ್ಮದು.

ಹಳೆಯ ವರ್ಷಗಳ ಮೇಲೆ ಸೂತ್ರವನ್ನು ಪರೀಕ್ಷಿಸುವಾಗ, ಅಂದರೆ ಬ್ಯಾಕ್‌ಟೆಸ್ಟ್ ಮಾಡುವಾಗ, ಇನ್ನೊಂದು ಅಪಾಯ ಎದುರಾಗುತ್ತದೆ. ಇಂದಿನ ನಿಫ್ಟಿ ಪಟ್ಟಿಯ 50 ಷೇರುಗಳನ್ನು ಹಿಡಿದು 2008ಕ್ಕೆ ಹೋದರೆ ಆ ಪಟ್ಟಿಯಲ್ಲಿ ಸತ್ಯಂ ಕಂಪ್ಯೂಟರ್ಸ್ ಇರುವುದಿಲ್ಲ. ಆಗ ಅದು ನಿಫ್ಟಿಯಲ್ಲೇ ಇತ್ತು. 2009ರ ಜನವರಿ 7ರಂದು ಲೆಕ್ಕಪತ್ರದ ವಂಚನೆ ಬಯಲಾದಾಗ ಒಂದೇ ದಿನದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬೆಲೆ ಕಳೆದುಕೊಂಡು ಸೂಚ್ಯಂಕದಿಂದ ಹೊರಬಿತ್ತು. ಅಂಥವುಗಳನ್ನು ಬಿಟ್ಟು, ಉಳಿದು ಬೆಳೆದವುಗಳ ಮೇಲೆ ಮಾತ್ರ ಪರೀಕ್ಷಿಸಿದ ಸೂತ್ರ ಲಾಭ ತೋರಿಸದೆ ಇನ್ನೇನು ಮಾಡೀತು? ಆಯಾ ಕಾಲದ ಪಟ್ಟಿಯನ್ನೇ ಬಳಸಬೇಕು.

ಬ್ಯಾಕ್‌ಟೆಸ್ಟ್‌ನಲ್ಲಿ ಖರೀದಿಯನ್ನು ಮರುದಿನದ ಓಪನ್ ಬೆಲೆಗೆ ಇಡಿ. ಸಂಕೇತ ಸಿಗುವುದೇ ಇಂದಿನ ಪೇಟೆ ಮುಗಿದ ಮೇಲೆ. ಖರ್ಚನ್ನೂ ಸೇರಿಸಿ: ಡೆಲಿವರಿ ವಹಿವಾಟಿಗೆ ಕೊಳ್ಳುವಾಗ ಶೇ 0.1, ಮಾರುವಾಗ ಶೇ 0.1 ಎಸ್‌ಟಿಟಿ ತೆರಿಗೆಯೇ ಇದೆ, ಬ್ರೋಕರೇಜ್ ಮತ್ತು ಉಳಿದ ಶುಲ್ಕಗಳು ಬೇರೆ. 20 ದಿನದ ಬದಲು 17 ಹಾಕಿದರೆ, 23 ಹಾಕಿದರೆ ಏನಾಗುತ್ತದೆ ನೋಡಿ. 20ಕ್ಕೆ ಮಾತ್ರ ಲಾಭ ಬಂದು ಅಕ್ಕಪಕ್ಕದ ಸಂಖ್ಯೆಗಳಿಗೆ ನಷ್ಟವಾದರೆ ಆ ಲಾಭ ಆಕಸ್ಮಿಕ. 2018ರವರೆಗಿನ ದತ್ತಾಂಶದಲ್ಲಿ ಸೂತ್ರ ಕಟ್ಟಿ, ಅನಂತರದ ವರ್ಷಗಳನ್ನು ಮುಟ್ಟದೆ ಕಾದಿಟ್ಟು ಕೊನೆಗೆ ಪರೀಕ್ಷಿಸುವುದು ಒಳ್ಳೆಯ ಕ್ರಮ. ನಿಫ್ಟಿ ಒಂದೇ ದಿನ ಶೇ 13ರಷ್ಟು ಬಿದ್ದ 2020ರ ಮಾರ್ಚ್ 23 ಆ ಭಾಗದಲ್ಲೇ ಬರುತ್ತದೆ.

ಇಷ್ಟೆಲ್ಲ ಎಚ್ಚರ ಏಕೆಂದರೆ, 2022-23ರಲ್ಲಿ ನಗದು ವಿಭಾಗದಲ್ಲಿ ಇಂಟ್ರಾಡೇ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ ಹತ್ತರಲ್ಲಿ ಏಳು ಮಂದಿ ನಷ್ಟ ಅನುಭವಿಸಿದರೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಅಧ್ಯಯನವೇ ಹೇಳಿದೆ. ಆ ಹಣ ಮನೆಮನೆಯ ಉಳಿತಾಯ.

ಪಟ್ಟಿ ಕೈಗೆ ಬಂದ ಮೇಲೆ ಎಷ್ಟು ಷೇರು ಕೊಳ್ಳಬೇಕು ಎಂಬುದನ್ನೂ ಸೂತ್ರದಿಂದಲೇ ತೆಗೆಯಬಹುದು. ಬಂಡವಾಳ 2 ಲಕ್ಷ, ಒಂದು ವಹಿವಾಟಿನಲ್ಲಿ ಕಳೆದುಕೊಳ್ಳಲು ಸಿದ್ಧವಿರುವುದು ಶೇ 1, ಅಂದರೆ 2,000 ರೂಪಾಯಿ ಎನ್ನಿ. ಷೇರಿನ ಬೆಲೆ 410, ಸ್ಟಾಪ್‌ಲಾಸ್ 390. ಅಂತರ 20 ರೂಪಾಯಿ. 2,000ವನ್ನು 20ರಿಂದ ಭಾಗಿಸಿದರೆ 100 ಷೇರು, ಹೂಡುವ ಹಣ 41,000. ಈ ಭಾಗಾಕಾರವನ್ನು ಆಡ್‌ಕಾಲಮ್‌ಗೆ ಕೊಟ್ಟರೆ ಪ್ರತಿ ಷೇರಿನ ಎದುರಿಗೂ ಸಂಖ್ಯೆ ಬರುತ್ತದೆ. ಮರುದಿನ ಷೇರು 425ಕ್ಕೆ ತೆರೆದುಕೊಂಡರೆ ಅಂತರ 35 ಆಗಿ, ಅದೇ 2,000ಕ್ಕೆ ಬರುವುದು 57 ಷೇರು ಮಾತ್ರ. ಆದ್ದರಿಂದ ಆರ್ಡರನ್ನು ರಾತ್ರಿಯೇ ಮಾರ್ಕೆಟ್ ಬೆಲೆಗೆ ಹಾಕಿಡಬೇಡಿ. ಲಿಮಿಟ್ ಬೆಲೆ ಇಡಿ, ಅದನ್ನೂ ಮೀರಿ ತೆರೆದರೆ ಆ ಷೇರನ್ನು ಅಂದಿಗೆ ಬಿಟ್ಟುಬಿಡಿ.