ಚಳಿಗಾಲದ ಹಕ್ಕಿ ನೋಡಲು ನಸುಕಿನಲ್ಲೇ ಹೊರಡಬೇಕಿಲ್ಲ

ಊರಿನಿಂದ ಅಪ್ಪ-ಅಮ್ಮ ನಾಗಪುರಕ್ಕೆ ಬಂದಿದ್ದಾರೆಯೇ? ಅವರನ್ನು ಅಂಬಾಝರಿ, ಫುಟಾಳಾ, ಗೋರೆವಾಡಾ ಕೆರೆಗಳಿಗೆ ಹಕ್ಕಿ ನೋಡಲು ಕರೆದೊಯ್ಯುವ ಮುನ್ನ ಇದನ್ನು ಓದಿ.

ಕಳೆದ ಚಳಿಗಾಲದಲ್ಲಿ ಧಾರವಾಡ ಕಡೆಯ ಹಿರಿಯರೊಬ್ಬರು ನನ್ನ ಬಳಿ ಬಂದರು. ವಯಸ್ಸು 67. ಬಿಪಿ, ಶುಗರ್ ಎರಡೂ ಇದ್ದವು. ಬೆಳಗಿನ ಐದೂವರೆಗೆ ಮಗನ ಜೊತೆ ಕೆರೆಗೆ ಹೋಗಿದ್ದರು. ಏರಿ ಹತ್ತುವಾಗ ಎದೆ ಬಿಗಿಯಿತು. "ಗ್ಯಾಸ್ ಆಗೇದ ಬಿಡು" ಎಂದು ಮನೆಗೆ ಬಂದು, ಸೋಡಾ ಕುಡಿದು ಮಲಗಿದರು. ಆಸ್ಪತ್ರೆ ತಲುಪಿದ್ದು ಐದು ತಾಸಿನ ನಂತರ. ಜೀವ ಉಳಿಯಿತು. ಆದರೆ ಹೃದಯದ ಸ್ನಾಯುವಿನ ಒಂದು ಭಾಗ ಉಳಿಯಲಿಲ್ಲ.

*ಚಳಿಯಲ್ಲಿ ಏನಾಗುತ್ತದೆ?*
ಚಳಿ ತಾಗಿದ ಕೂಡಲೇ ಮೈಯ ಬಿಸಿ ಉಳಿಸಿಕೊಳ್ಳಲು ಚರ್ಮದ ರಕ್ತನಾಳಗಳು ಕುಗ್ಗುತ್ತವೆ. ಕಿರಿದಾದ ನಾಳದಲ್ಲಿ ರಕ್ತ ತಳ್ಳಲು ಹೃದಯ ಹೆಚ್ಚು ದುಡಿಯಬೇಕು, ಬಿಪಿ ಏರುತ್ತದೆ. ಎದ್ದ ಮೊದಲ ಕೆಲವು ತಾಸು ಬಿಪಿ ಹೇಗೂ ಏರುವ ಹೊತ್ತು, ರಕ್ತ ಹೆಪ್ಪುಗಟ್ಟುವ ಸಾಧ್ಯತೆಯೂ ಆಗ ಹೆಚ್ಚು. ನಸುಕು, ಚಳಿ, ನಡಿಗೆ ಮೂರೂ ಒಟ್ಟಾದರೆ ಹೃದಯಕ್ಕೆ ಭಾರ.

*ಹೆಬ್ಬಾತಿನ ಹೃದಯವೇ ಬೇರೆ*
ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಬರುವ ಪಟ್ಟೆತಲೆ ಹೆಬ್ಬಾತು ನಿಮ್ಮಲ್ಲಿ ಹಲವರಿಗೆ ಗೊತ್ತು. ವಿದರ್ಭದ ಕೆರೆಗಳಿಗೂ ಅದು ಬರುತ್ತದೆ. ಹಿಮಾಲಯ ದಾಟುವಾಗ ಅದು 7,000 ಮೀಟರಿಗಿಂತ ಮೇಲೆ ಹಾರಿದ್ದು ದಾಖಲಾಗಿದೆ. ಅದರ ರಕ್ತ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಚೆನ್ನಾಗಿ ಹಿಡಿಯುತ್ತದೆ. ಹೃದಯದ ಸ್ನಾಯುವಿನಲ್ಲಿ ಸೂಕ್ಷ್ಮ ರಕ್ತನಾಳಗಳು ದಟ್ಟವಾಗಿವೆ. ಅರವತ್ತು ದಾಟಿದ ನಮ್ಮ ಹೃದಯಕ್ಕೆ ಆ ಅನುಕೂಲವಿಲ್ಲ.

*ತಡವಾಗಿ ಹೋದರೂ ನಷ್ಟವಿಲ್ಲ*
ಹೆಬ್ಬಾತುಗಳು ಸಾಮಾನ್ಯವಾಗಿ ರಾತ್ರಿ, ನಸುಕಿನಲ್ಲಿ ಹೊಲಗಳಲ್ಲಿ ಮೇಯುತ್ತವೆ. ಬಿಸಿಲೇರಿದ ಮೇಲೆ ಕೆರೆಗೆ ಬಂದು ವಿಶ್ರಮಿಸುತ್ತವೆ. ಬಾತುಗಳು, ನಾಮದ ಕೋಳಿಗಳು ಕೂಡ ಹಗಲಿಡೀ ನೀರಿನ ಮೇಲೆ ಕಾಣಸಿಗುತ್ತವೆ. ಎಂಟೂವರೆಗೆ ಹೋದರೆ ಬೆಳಕೂ ಚೆನ್ನಾಗಿರುತ್ತದೆ.

*ಹೊರಡುವ ಮುನ್ನ*
1. ಲಘು ತಿಂಡಿ ತಿಂದು, ಬೆಳಗಿನ ಮಾತ್ರೆ ನುಂಗಿ ಹೊರಡಿ. ಊರಿನಿಂದ ಬರುವವರು ಉಳಿಯುವಷ್ಟು ದಿನದ ಮಾತ್ರೆ ತರಲಿ.
2. ಸ್ವೆಟರ್ ಜೊತೆ ಕಿವಿ, ಕುತ್ತಿಗೆ ಮುಚ್ಚುವ ಮಫ್ಲರ್ ಇರಲಿ.
3. ಮಾತಾಡುತ್ತ ನಡೆಯಲು ಆಗುವಷ್ಟೇ ವೇಗ ಸಾಕು. ಏದುಸಿರು ಬಂದರೆ ನಿಲ್ಲಿ.
4. ಹೃದಯದ ತೊಂದರೆ ಇರುವವರು ಮೊದಲು ತಮ್ಮ ವೈದ್ಯರನ್ನು ಕೇಳಿ. ಒಬ್ಬರೇ ಹೋಗಬೇಡಿ.

*ಎದೆ ಬಿಗಿದರೆ*
ಎದೆ ಒತ್ತಿದಂತಾಗುವುದು, ನೋವು ದವಡೆಗೆ ಅಥವಾ ಎಡಗೈಗೆ ಹರಿಯುವುದು, ತಣ್ಣನೆಯ ಬೆವರು, ಉಸಿರಾಟದ ಕಷ್ಟ: ಇವುಗಳಲ್ಲಿ ಯಾವುದಾದರೂ ಕಂಡರೆ ಅಲ್ಲೇ ಕೂರಿಸಿ, 108ಕ್ಕೆ ಕರೆ ಮಾಡಿ. ಶುಗರ್ ಇರುವವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು ಕಾಣಬಹುದು. ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ತೀರ್ಮಾನಿಸಬೇಡಿ. ಮೊದಲು ಇಸಿಜಿ ಆಗಲಿ.

ಹಕ್ಕಿ ನೋಡುವುದು ಮನಸ್ಸಿಗೂ ಕಾಲಿಗೂ ಒಳ್ಳೆಯದು. ಹಿರಿಯರನ್ನು ಖಂಡಿತ ಕರೆದೊಯ್ಯಿರಿ, ಬಿಸಿಲು ಬಂದ ಮೇಲೆ. ಮನೆಯ ಗುಂಪಿನಲ್ಲೂ ಇದನ್ನು ಹಂಚಿಕೊಳ್ಳಿ.

– ನಿಮ್ಮ ಹೃದ್ರೋಗ ವೈದ್ಯ, ನಾಗಪುರ